ಎರಡು ವಾರ ನೀರಿಗಿಳಿಯಬೇಡಿ

ಜೂನ್ 4, ಬೆಳಿಗ್ಗೆ

ಈಜುಕೊಳ ಮತ್ತೆ ತೆರೆಯಿತು. ಇದೇ ಬೇಸಿಗೆಯಲ್ಲಿ ಎರಡನೆಯ ಸಲ. ಮೊದಲು ಮಂಡಿನೋವಿನ ನಮ್ಮ ಮುದುಕರ ಬ್ಯಾಚು, ಆಮೇಲೆ ಮಕ್ಕಳ ತರಬೇತಿ, ನನ್ನ ಮೊಮ್ಮಗಳೂ ಅದರಲ್ಲೇ. ನೀರು ತಳ ಕಾಣುವಷ್ಟು ತಿಳಿ. ಕ್ಲೋರಿನ್ ವಾಸನೆಗೆ ಸೀನಿ ಸೀನಿ ಸಾಕಾಯಿತು.

ಬಾಗಿಲಲ್ಲಿ ಹೊಸ ನೋಟಿಸು. ಕನ್ನಡಕ ಮರೆತಿದ್ದೆ, ನಮ್ಮ ಬ್ಯಾಚಿನ ಆಮೆ ಓದಿ ಹೇಳಿದರು. ನೀರಿನಲ್ಲಿ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಸಿಕ್ಕಿತ್ತಂತೆ. ಅದಕ್ಕೆ ಗಟ್ಟಿ ಚಿಪ್ಪು, ಕ್ಲೋರಿನ್‌ಗೆ ಬೇಗ ಸಾಯುವುದಿಲ್ಲ. ಭೇದಿಯಾದವರು ಅದು ನಿಂತ ಮೇಲೂ ಎರಡು ವಾರ ನೀರಿಗಿಳಿಯಬಾರದು.

ಆಮೆ ಅಂದರೆ ಬಸ್ ಓಡಿಸಿ ನಿವೃತ್ತರಾದವರು. ಒಂದು ಸುತ್ತು ಈಜುವಷ್ಟರಲ್ಲಿ ನಮ್ಮ ಬ್ಯಾಚೇ ಮುಗಿದಿರುತ್ತದೆ. ಹೆಸರು ಅವರೇ ಇಟ್ಟುಕೊಂಡದ್ದು. ಅವರ ಹೊಟ್ಟೆಯಲ್ಲಿರುವುದು ತಂಗಿ ಕೊಟ್ಟ ಕಿಡ್ನಿ. ಮೈ ಅದನ್ನು ಹೊರದಬ್ಬದಿರಲಿ ಅಂತ ದಿನವೂ ಮಾತ್ರೆ. ಆ ಮಾತ್ರೆ ಮೈಯ ಕಾವಲನ್ನೇ ಮಲಗಿಸಿಬಿಡುತ್ತದೆ. ನಮಗೆ ಎರಡು ದಿನದ ಹೊಟ್ಟೆನೋವು, ಅವರಿಗೆ ಪ್ರಾಣಕ್ಕೇ ಸಂಚಕಾರ. ಎಲ್ಲರೂ ನೋಟಿಸಿನಂತೆ ನಡೆದರೆ ಈಜಬಹುದು ಎಂದಿದ್ದಾರಂತೆ ಡಾಕ್ಟರು.

ಎಲ್ಲರೂ ನಡೆದರೆ...

ಜೂನ್ 9

ಮೊಮ್ಮಗಳ ಭೇದಿ ಇವತ್ತು ನಿಂತಿತು. ಮಗು ಸೊರಗಿ ಕಡ್ಡಿಯಾಗಿದೆ. ಉಪ್ಪು ಸಕ್ಕರೆ ನೀರು ಕುಡಿಸಿ ಕುಡಿಸಿ ನನ್ನ ಕೈ ಸೋತಿತು. ಮಗಳು ಫ್ರಿಜ್ಜನ್ನು ಬೈದಳು, ಹಾಲಿನವನನ್ನು ಬೈದಳು. ಕೊಳದ ಮಾತು ಮಾತ್ರ ಅವಳ ಬಾಯಿಗೆ ಬರಲಿಲ್ಲ. ಇಪ್ಪತ್ತನೇ ತಾರೀಖು ಮಕ್ಕಳ ಈಜು ತಂಡದ ಆಯ್ಕೆ ಇದೆಯಲ್ಲ.

ಜೂನ್ 12, ಸಂಜೆ

ತಂತಿಯ ಮೇಲೆ ಮೊಮ್ಮಗಳ ಒದ್ದೆ ಈಜುಡುಪು. ನೀರು ತೊಟ್ಟಿಕ್ಕುತ್ತಿತ್ತು.

ಮಗಳನ್ನು ಕೇಳಿದೆ. "ನಿಂತು ಮೂರು ದಿನ ಆಯ್ತಲ್ಲಮ್ಮ. ಇವಳೊಬ್ಬಳೇನಾ? ಎಲ್ಲ ಮಕ್ಕಳಿಗೂ ಹೊಟ್ಟೆ ಕೆಟ್ಟಿತ್ತು, ಎಲ್ಲರೂ ಇಳೀತಿದಾರೆ."

ಅದೇ ಮತ್ತೆ. ಕೊಳ ಮುಚ್ಚುತ್ತಾರೆ, ತೊಳೆಯುತ್ತಾರೆ, ಇದೇ ಮಕ್ಕಳು ಆ ಜೀವಿಯನ್ನು ಮತ್ತೆ ಹೊತ್ತು ತರುತ್ತಾರೆ. ಸಾರಿಸಿದ ನೆಲಕ್ಕೆ ಕೆಸರುಗಾಲು. ಹೀಗೇ ಅಂದೆ. ನಿನ್ನ ನೋಟಿಸು ನಿನ್ನ ಹತ್ತಿರವೇ ಇಟ್ಟುಕೋ ಅಂದಳು. ಮೊಮ್ಮಗಳು ಬಾಗಿಲ ಸಂದಿನಿಂದ ನೋಡುತ್ತಿದ್ದಳು — ಯಾರಿಗೂ ಹೇಳಬೇಡ ಅಜ್ಜಿ, ಎಂಬ ಮುಖ.

ಜೂನ್ 13

ಆಮೆಗೆ ಹೇಳಿದೆ. ಹೇಳಿದೆ ಅಂತ ಬರೆಯುವುದೂ ಸುಳ್ಳೇ. ಹತ್ತು ದಿನ ಬರಬೇಡಿ, ನೀರು ಸರಿಯಿಲ್ಲ ಅಂದೆ, ಅಷ್ಟೆ. ಯಾಕೆ, ನನ್ನ ಸ್ಪೀಡು ನೋಡಿ ಹೊಟ್ಟೆಕಿಚ್ಚಾ ಅಂತ ನಕ್ಕರು. ನಗುತ್ತಲೇ ಇಳಿದರು. ಕಾರಣ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಬೇಡದ್ದಕ್ಕೆಲ್ಲ ಮೊಳದುದ್ದ ಚಾಚುವ ನಾಲಿಗೆ ಇದು. ಹಾಳಾದದ್ದು.

ಜೂನ್ 20

ಆಯ್ಕೆಯ ದಿನ. ಇಳಿಯುವ ಮೊದಲು ಕೋಚು ಮಕ್ಕಳನ್ನೂ ಮನೆಯವರನ್ನೂ ಸಾಲಾಗಿ ನಿಲ್ಲಿಸಿದರು. ಎರಡು ವಾರದೊಳಗೆ ಯಾವ ಮಗುವಿಗಾದರೂ ಭೇದಿಯಾಗಿತ್ತಾ, ಆಗಿದ್ದರೆ ಕೈ ಎತ್ತಿ ಅಂದರು. ಅಪ್ಪಂದಿರು ಫೋನು ನೋಡಿದರು. ಅಮ್ಮಂದಿರು ಟವೆಲ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಕೈ ಎತ್ತಿದೆ. ಮಗಳು ಮೊಣಕೈ ಹಿಡಿದು ಜಗ್ಗಿದಳು. ಇನ್ನೊಂದು ಕೈ ಎತ್ತಿದೆ.

ಆಮೇಲೆ? ಆಮೇಲೇನು. ನನ್ನ ಮೊಮ್ಮಗಳೊಬ್ಬಳನ್ನು ಬೆಂಚಿನ ಮೇಲೆ ಕೂರಿಸಿದರು. ಉಳಿದವರು ದುಡುಂ ದುಡುಂ ಎಂದು ಹಾರಿದರು. ಅವರಲ್ಲಿ ಎಷ್ಟು ಮಂದಿಯ ಹೊಟ್ಟೆ ಕೆಟ್ಟಿತ್ತೆಂದು ಅವರ ತಾಯಂದಿರಿಗೆ ಗೊತ್ತು. ನನಗೂ ಗೊತ್ತು. ಕೋಚಿಗೂ ಗೊತ್ತಿದ್ದೀತು. ನಿಜ ಹೇಳಿದ ಮನೆಗೇ ದಂಡ.

ಜೂನ್ 21

ಮನೆಯಲ್ಲಿ ಈಗ ಲೋಟ ಇಡುವ ಸದ್ದೇ ಮಾತು.

ಪೂರ್ತಿ ಹೇಳಿಬಿಡೋಣ ಅಂತ ಆಮೆಯ ಮನೆಗೆ ಹೋದೆ. ಬೀಗ. ಹೊಟ್ಟೆ ನಿಲ್ಲದೆ ಆಸ್ಪತ್ರೆಗೆ ಸೇರಿಸಿದರು ಅಂದರು ಪಕ್ಕದ ಮನೆಯವರು.

ಜೂನ್ 24

ಅವರ ತಂಗಿ ಫೋನಿನಲ್ಲಿ ಸಿಕ್ಕಳು. ಅದೇ ಜೀವಿಯಂತೆ. ಮೈಯ ನೀರೆಲ್ಲ ಹೋಗುತ್ತಿದೆ, ಕಿಡ್ನಿ ಸೋಲುತ್ತಿದೆಯಂತೆ. ಅತ್ತಿಲ್ಲ ಆಕೆ. "ನಂದು ಅದು, ಅಕ್ಕಾ. ನಾನು ಕೊಟ್ಟಿದ್ದು" ಅಂದಳು.

ಕೊಳ ಮತ್ತೆ ಮುಚ್ಚಿದರು.

ಜೂನ್ 26, ಮಧ್ಯಾಹ್ನ

ಮೊಮ್ಮಗಳು ಬಂದು ಮಂಚದ ತುದಿಗೆ ಕೂತಳು. ಆವತ್ತಿನಿಂದ ಮೊದಲ ಮಾತು.

"ಅಜ್ಜಿ, ಆಮೆ ತಾತಂಗೆ ಬಂದಿದ್ದು ನನ್ನಿಂದಾನಾ?"

ಅಲ್ಲ ಅನ್ನಬಹುದಿತ್ತು. ಅಷ್ಟು ಮಕ್ಕಳಲ್ಲಿ ಯಾರಿಂದ ಎಂದು ಆ ದೇವರಿಗೂ ತಿಳಿಯದು. ಆದರೆ ಹನ್ನೊಂದು ವರ್ಷದ ಹುಡುಗಿ ನೇರ ಕಣ್ಣಿಟ್ಟು ಕೇಳುತ್ತಿದ್ದಾಳೆ.

"ಗೊತ್ತಿಲ್ಲ ಕಣೇ. ಇರಬಹುದು. ಗೊತ್ತಿದ್ದೂ ಬಾಯಿ ಬಿಡದೆ ಇದ್ದವಳು ನಾನು."

ಮೊಮ್ಮಗಳು ಎದ್ದು ಹೋದಳು. ಈಗ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಆಸ್ಪತ್ರೆಗೆ ಹೋಗಿ ಆಮೆ ತಾತನ ತಂಗಿಗೆ ತಾನೇ ಹೇಳಬೇಕಂತೆ. ಮಗಳು ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಇಬ್ಬರ ದನಿಯೂ ಏರುತ್ತಿದೆ. ಮಂಡಿ ಹಿಡಿದುಕೊಂಡಿದೆ, ಆದರೂ ಏಳಬೇಕು. ಎದ್ದು ಮಗಳ ಕೈ ಹಿಡಿದು ಪಕ್ಕಕ್ಕೆ ಸರಿಸಬೇಕು.