ಏಳನೇ ಮೇಜಿನ ಎರಡನೇ ಪೊಟ್ಟಣ

ಮಾನ್ಯ ಹಣಕಾಸು ಕಾರ್ಯದರ್ಶಿಗಳೇ,

ನೀವು ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಬೀಗ ಹಾಕಲು ಹೊರಟಿದ್ದೀರಿ. ನಲವತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ಸರ್ಕಾರಿ ವಿಜ್ಞಾನ ವಿಭಾಗಗಳನ್ನೆಲ್ಲ ಮುಚ್ಚುವುದಾಗಿ ಈ ಸಲದ ಬಜೆಟ್ಟಿನಲ್ಲಿ ಬರೆದಿದ್ದೀರಿ. ನಮ್ಮಲ್ಲಿರುವವರು ಮೂವತ್ತೊಂದು ಜನ. ಅವರಲ್ಲಿ ಒಬ್ಬಳು ನನ್ನ ಮೊಮ್ಮಗಳು, ಈಗ ಎರಡನೇ ವರ್ಷ ಮುಗಿಸುತ್ತಿದ್ದಾಳೆ. ಮೂರನೇ ವರ್ಷಕ್ಕೆ ಅವಳು ದಿನವೂ ಎರಡು ಬಸ್ಸು ಬದಲಿಸಿ ಐವತ್ತು ಕಿಲೋಮೀಟರ್ ದೂರದ ಕಾಲೇಜಿಗೆ ಹೋಗಬೇಕು, ಇಲ್ಲವೇ ಓದು ಬಿಡಬೇಕು. ನಮ್ಮಂಥವರ ಮನೆಯಲ್ಲಿ ಈ ಎರಡರಲ್ಲಿ ಯಾವುದು ನಡೆಯುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ.

ನಾನು ಆ ಪ್ರಯೋಗಾಲಯದ ಅಟೆಂಡರ್. ಮೂವತ್ತೈದು ವರ್ಷದಿಂದ ಬಾಟಲಿ ತೊಳೆದಿದ್ದೇನೆ, ದ್ರಾವಣ ಕಲಸಿದ್ದೇನೆ, ಬೆರಳು ಸುಟ್ಟುಕೊಂಡವರಿಗೆ ಮುಲಾಮು ಹಚ್ಚಿದ್ದೇನೆ. ಹುಡುಗರು ನನ್ನನ್ನು ಆಸಿಡ್ ಅಕ್ಕ ಎನ್ನುತ್ತಾರೆ. ಕೈಮೇಲಿನ ಕಲೆ ನೋಡಿ ಇಟ್ಟ ಹೆಸರೋ ನಾಲಿಗೆ ಕೇಳಿ ಇಟ್ಟದ್ದೋ, ನಾನು ವಿಚಾರಿಸಿಲ್ಲ. ಅಟೆಂಡರಿಗೆ ಈ ಭಾಷೆ ಎಲ್ಲಿಂದ ಬಂತು ಎಂದು ನಿಮ್ಮ ಕಚೇರಿಯವರು ಹುಬ್ಬೇರಿಸಬಹುದು. ಪ್ರಾಂಶುಪಾಲರು ನಿಮ್ಮ ಇಲಾಖೆಗೆ ಬರೆದ ಬೇಡಿಕೆ ಪತ್ರಗಳನ್ನು ಹೊತ್ತು ತಂದವಳು ನಾನೇ. ಬಸ್ಸಿನಲ್ಲಿ ಬೇಸರ ಕಳೆಯಲು ಅವನ್ನೇ ಓದುತ್ತಿದ್ದೆ. ನಿಮ್ಮಲ್ಲಿ ಯಾರೂ ಓದದ ಕಾರಣ, ಅವುಗಳ ಏಕೈಕ ಓದುಗಾರ್ತಿ ನಾನೇ ಇರಬೇಕು.

ಇಷ್ಟೇ ಆಗಿದ್ದರೆ ಇನ್ನೊಂದು ಬೇಡಿಕೆ ಪತ್ರ ಹೊತ್ತು ತಂದು ಸುಮ್ಮನಾಗುತ್ತಿದ್ದೆ. ಆದರೆ ಬಜೆಟ್ಟಿನ ಮರುದಿನ ನೀವು ಟಿವಿಯಲ್ಲಿ ಕೂತು ಹೀಗೆಂದಿರಿ: "ನಾನೂ ಸಣ್ಣ ಸರ್ಕಾರಿ ಕಾಲೇಜಲ್ಲೇ ಓದಿದವನು. ಯಾರ ಸಹಾಯವೂ ಇಲ್ಲದೆ ಮೇಲೆ ಬಂದೆ. ಸಾಮರ್ಥ್ಯ ಇದ್ದವರು ಎಲ್ಲಿದ್ದರೂ ಬರ್ತಾರೆ. ಇಲ್ಲದವರ ಮೇಲೆ ಜನರ ತೆರಿಗೆ ಹಣ ಸುರಿಯೋಕಾಗಲ್ಲ." ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಇದನ್ನು ಕೇಳಿದೆ. ಮೂವತ್ತನಾಲ್ಕು ವರ್ಷ ಮುಚ್ಚಿಕೊಂಡಿದ್ದ ಬಾಯಿಯನ್ನು ಇನ್ನು ತೆರೆಯುವುದೆಂದು ಅಲ್ಲೇ ತೀರ್ಮಾನಿಸಿದೆ.

ಆ ಸಣ್ಣ ಸರ್ಕಾರಿ ಕಾಲೇಜು ನಮ್ಮದೇ. ನಿಮ್ಮ ಮೇಜು ಏಳನೆಯದು, ಕಿಟಕಿ ಪಕ್ಕದ್ದು, ನಲ್ಲಿ ಸದಾ ತೊಟ್ಟಿಕ್ಕುತ್ತಿದ್ದದ್ದು. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಈ ಪತ್ರವನ್ನು ಪತ್ರಿಕೆಗಳಿಗೂ ಕಳಿಸುತ್ತಿರುವುದರಿಂದ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಆ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಪೊಟ್ಟಣದಲ್ಲಿ ಬಿಳಿ ಪುಡಿ ಕೊಡುತ್ತಾರೆ, ಅದು ಯಾವ ಲವಣ ಎಂದು ಮೂರು ಗಂಟೆಯಲ್ಲಿ ಪತ್ತೆ ಮಾಡಬೇಕು. ನೀವು ಮೊದಲ ಅರ್ಧ ಗಂಟೆಯಲ್ಲಿ ಎರಡು ಪ್ರನಾಳ ಒಡೆದಿರಿ. ಮುಕ್ಕಾಲು ಗಂಟೆಗೆ ಪೊಟ್ಟಣವನ್ನೇ ಸಿಂಕಿಗೆ ಬೀಳಿಸಿದಿರಿ. ಮೇಲ್ವಿಚಾರಕರು ಗೊಣಗುತ್ತಲೇ ಬೀರು ತೆಗೆಸಿ, ನಾನೇ ಕಟ್ಟಿಟ್ಟಿದ್ದ ಎರಡನೇ ಪೊಟ್ಟಣ ಕೊಡಿಸಿದರು. ಒಂದೂವರೆ ಗಂಟೆಯ ಹೊತ್ತಿಗೆ ನೀವು ಮೇಜಿನ ಕೆಳಗೆ ಏನನ್ನೋ ಹುಡುಕುವವರಂತೆ ಬಗ್ಗಿ ಅಳುತ್ತಿದ್ದಿರಿ.

ನಿಮ್ಮ ತಾಯಿ ಬೆಳಗಿನಿಂದ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ನೀರು ತುಂಬಲು ಹೋದಾಗ ಸೆರಗು ಹಿಡಿದು, "ತಾಯಿ, ಇವತ್ತು ಫೇಲಾದ್ರೆ ನಾಳೆನೇ ಅವರಪ್ಪ ಗ್ಯಾರೇಜಿಗೆ ಹಾಕ್ತಾರಂತೆ. ಬುದ್ಧಿ ಇದೆ ಅವನಿಗೆ, ಧೈರ್ಯ ಒಂದೇ ಇಲ್ಲ" ಎಂದರು. ಒಳಗೆ ಬಂದು ಬಟ್ಟೆ ಹಿಡಿದು ನಿಮ್ಮ ಮೇಜು ಒರೆಸಿದೆ. ಪರೀಕ್ಷೆಯಲ್ಲಿ ಯಾರಿಗೂ ಸುಳಿವು ಸಿಗದಿರಲೆಂದು ಕಪಾಟಿನಲ್ಲಿದ್ದ ಮೂವತ್ತು ಬಾಟಲಿಗಳ ಚೀಟಿ ಗೋಡೆಯ ಕಡೆ ತಿರುಗಿತ್ತು. ಒಂದು ಬಾಟಲಿಯ ಚೀಟಿಯನ್ನು ಮಾತ್ರ ನಿಮ್ಮ ಮುಖಕ್ಕೆ ತಿರುಗಿಸಿಟ್ಟೆ. ಪೊಟ್ಯಾಸಿಯಂ ಅಯೊಡೈಡ್. ನೀವು ತಲೆ ಎತ್ತಿದಿರಿ, ಬಾಟಲಿ ನೋಡಿದಿರಿ, ನನ್ನನ್ನು ನೋಡಿದಿರಿ. ನಾಲ್ಕು ಹನಿ ಹಾಕಿದ್ದೇ ಪ್ರನಾಳದಲ್ಲಿ ಚಿನ್ನದ ಹಳದಿ ಬಂತು, ಸೀಸದ ಲವಣಕ್ಕೆ ಅದೇ ಗುರುತು. ಸೀಸ. ನೀವು ಪಾಸು.

ಅದು ನಿಯಮಕ್ಕೆ ವಿರುದ್ಧ. ನನ್ನ ಸೇವೆಯಲ್ಲಿ ಅಂಥ ತಪ್ಪು ಮಾಡಿದ್ದು ಅದೊಂದೇ ಸಲ, ಮಾಡಿದ್ದು ನಿಮಗಾಗಿ. ಇದೇ ತಿಂಗಳ ಕೊನೆಗೆ ನಿವೃತ್ತಳಾಗುತ್ತೇನೆ. ವಿಚಾರಣೆ ನಡೆಸುವುದಿದ್ದರೆ ಧಾರಾಳವಾಗಿ ನಡೆಸಿ. ಮೊದಲ ಸಾಕ್ಷಿಯಾಗಿ ನಿಮ್ಮನ್ನೇ ಕರೆಸಬೇಕಾಗುತ್ತದೆ. ನಿಮ್ಮ ಹೆಸರನ್ನು ಇಲ್ಲಿ ಬರೆದಿಲ್ಲ, ಗಮನಿಸಿ. ಆ ದಿನದ ನಂತರ ನಿಮ್ಮ ಬ್ಯಾಚಿನವರು ನಿಮಗಿಟ್ಟ ಅಡ್ಡಹೆಸರನ್ನೂ ಬರೆದಿಲ್ಲ. ಅದು ಸದ್ಯಕ್ಕೆ ನನ್ನ ಬಳಿಯೇ ಭದ್ರವಾಗಿರಲಿ.

ಆದರೂ ನ್ಯಾಯವಾಗಿ ಹೇಳುತ್ತೇನೆ, ನಿಮ್ಮನ್ನು ಪಾಸು ಮಾಡಿಸಿದ್ದು ನಾನು ತಿರುಗಿಸಿದ ಬಾಟಲಿಯೊಂದೇ ಅಲ್ಲ. ಎರಡನೇ ಪೊಟ್ಟಣ. ಸಿಂಕಿಗೆ ಬಿದ್ದ ಲವಣದ ಬದಲಿಗೆ ಇನ್ನೊಂದು ಕೊಡುವಷ್ಟು ಬೀರು ತುಂಬಿತ್ತು. ಒಡೆದ ಪ್ರನಾಳದ ಜಾಗಕ್ಕೆ ಬೇರೆ ಪ್ರನಾಳವಿತ್ತು. ಬರ್ನರಿಗೆ ಗ್ಯಾಸ್ ಇತ್ತು. ಅದೆಲ್ಲ ಯಾರ ಹಣ? ನಿಮ್ಮಪ್ಪನದೇ? ಆ ವರ್ಷ ತೆರಿಗೆ ಕಟ್ಟಿದವರು ಯಾರೂ ಈ ಹುಡುಗನಿಗೆ ಸಾಮರ್ಥ್ಯ ಇದೆಯೇ ಎಂದು ಕೇಳಲಿಲ್ಲವಲ್ಲ! ಕೇಳಿದ್ದರೆ, ಆ ಹೊತ್ತಿಗೆ ಮೇಜಿನ ಕೆಳಗಿದ್ದ ನೀವು ಏನು ಉತ್ತರ ಕೊಡುತ್ತಿದ್ದಿರಿ? ಏರಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಒದ್ದ ಮೇಲೆ, ಏಣಿಯೇ ಇರಲಿಲ್ಲ, ನಾನು ಹಾರಿ ಬಂದೆ ಎನ್ನುವವರನ್ನು ಇದೇ ಮೊದಲು ನೋಡಿದ್ದು.

ಈಗಿನ ಸ್ಥಿತಿ ಕೇಳಿ. ಆರು ವರ್ಷದ ಹಿಂದೆ ಪ್ರಯೋಗಾಲಯದ ಬಳಕೆ ಸಾಮಗ್ರಿಗೆ ಬರುತ್ತಿದ್ದ ಅನುದಾನವನ್ನು ನಿಮ್ಮ ಇಲಾಖೆ ನಿಲ್ಲಿಸಿತು. ಗ್ಯಾಸಿನ ಕೊಳವೆ ತುಕ್ಕು ಹಿಡಿದಿದೆ. ಲಿಟ್ಮಸ್ ಕಾಗದವನ್ನು ನಾಲ್ಕು ಸೀಳು ಮಾಡಿ ಕೊಡುತ್ತೇನೆ. ಪಾಠದ ಲೆಕ್ಕಕ್ಕೆ ಸಂಬಳ ಪಡೆಯುವ ಅತಿಥಿ ಉಪನ್ಯಾಸಕರೊಬ್ಬರು ಬೋರ್ಡಿನ ಮೇಲೆ ಬ್ಯೂರೆಟ್ಟಿನ, ಅಂದರೆ ದ್ರಾವಣ ಅಳೆದು ಹನಿಸುವ ಗಾಜಿನ ಕೊಳವೆಯ, ಚಿತ್ರ ಬರೆದು ಪ್ರಯೋಗ ಮಾಡಿಸುತ್ತಾರೆ. ಅದಕ್ಕೆ ಹುಡುಗರು ಒಣ ಪ್ರಾಕ್ಟಿಕಲ್ ಎಂದು ಹೆಸರಿಟ್ಟಿದ್ದಾರೆ. ಆಸಿಡ್ ಮತ್ತು ಕ್ಷಾರದ ಪ್ರಯೋಗಕ್ಕೆ ಎಲ್ಲರೂ ರೆಕಾರ್ಡಿನಲ್ಲಿ ಒಂಬತ್ತು ಪಾಯಿಂಟ್ ಎಂಟು ಮಿಲಿಲೀಟರ್ ಎಂದೇ ಬರೆಯುತ್ತಾರೆ. ಕೊನೆಯ ಬಾಟಲಿ ಆಸಿಡ್ ಮುಗಿದ ದಿನ ನಿಜವಾಗಿ ಬಂದಿದ್ದ ಅಳತೆ ಅದು. ಆರು ವರ್ಷದಿಂದ ಒಬ್ಬರಿಂದ ಒಬ್ಬರಿಗೆ ನಕಲಾಗಿ ಇಳಿದು ಬರುತ್ತಿದೆ. ಹೀಗಿದ್ದರೆ ಯಾರು ಸೇರುತ್ತಾರೆ? ಮೇವು ಹಾಕದೆ ಕಟ್ಟಿ, ಹಾಲು ಕೊಡಲಿಲ್ಲವೆಂದು ಹಸುವನ್ನು ಮಾರುವವರ ಜಾಣತನ ನಿಮ್ಮದು.

ಕಳೆದ ತಿಂಗಳು ಮೊಮ್ಮಗಳು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯವೊಂದಕ್ಕೆ ರಜೆಯ ತರಬೇತಿಗಾಗಿ ಸಂದರ್ಶನಕ್ಕೆ ಹೋದಳು. ಅಲ್ಲಿನ ಅಧಿಕಾರಿ ಇದೇ ಪ್ರಯೋಗ ಮಾಡಿ ತೋರಿಸಲು ಹೇಳಿದರು. ಇವಳು ಕಾಗದ ತೆಗೆದುಕೊಂಡು ಮೊದಲು ಕೋಷ್ಟಕ ಗೀಚಿದಳು, ಅದರಲ್ಲಿ ಒಂಬತ್ತು ಪಾಯಿಂಟ್ ಎಂಟು ಎಂದು ತುಂಬಿದಳು. ಬ್ಯೂರೆಟ್ ಇನ್ನೂ ಖಾಲಿ ನಿಂತಿತ್ತು. "ಏನಮ್ಮ, ಇನ್ನೂ ಏನೂ ಹಾಕೇ ಇಲ್ಲ, ರೀಡಿಂಗ್ ಕನಸಲ್ಲಿ ಬಂತಾ?" ಎಂದು ಅವರು ನಕ್ಕರಂತೆ. ಕೋಣೆಯಲ್ಲಿದ್ದವರೆಲ್ಲ ನಕ್ಕರಂತೆ.

ಮನೆಗೆ ಬಂದು ಅವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ಕೂತಳು. "ಅಜ್ಜಿ, ಸುಳ್ಳು ಬರೀಬೇಕು ಅಂತ ಬರೀಲಿಲ್ಲ. ಹಂಗೇ ಬರೆಯೋದು ಅಂದ್ಕೊಂಡಿದ್ದೆ. ನಂಗೆ ಎಲ್ಲಾ ಗೊತ್ತು ಅಜ್ಜಿ, ಕೈಗೆ ಮಾತ್ರ ಗೊತ್ತಿಲ್ಲ" ಎಂದಳು. ನಾನು ಆ ಕೈಗಳನ್ನು ಹಿಡಿದು ನೋಡಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿನಿಯ ಕೈಮೇಲೆ ಎರಡು ವರ್ಷಕ್ಕೆ ಒಂದು ಕಲೆಯಿಲ್ಲ. ನನಗೆ ಬಂದದ್ದು ದುಃಖವಲ್ಲ, ಮಾನ್ಯರೇ, ಸಿಟ್ಟು. ಅದು ಇನ್ನೂ ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಹಣವಿಲ್ಲ ಎನ್ನಬೇಡಿ. ಅದೇ ಬಜೆಟ್ಟಿನ ಮುಂದಿನ ಪುಟದಲ್ಲಿ ರಾಜಧಾನಿಗೊಂದು ಜ್ಞಾನಸೌಧ ಬರೆದಿದ್ದೀರಿ: ಹದಿನಾಲ್ಕು ಅಂತಸ್ತು, ಮುಂಭಾಗ ಪೂರ್ತಿ ಗಾಜು, ಅಂಗಳದಲ್ಲಿ ಬಣ್ಣದ ಕಾರಂಜಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಅಷ್ಟು ಗಾಜಿನಲ್ಲಿ ಎಷ್ಟು ಪ್ರನಾಳ ಆಗುತ್ತಿತ್ತು ಎಂದು ಲೆಕ್ಕ ಹಾಕಲು ಕೂತು, ನಾಚಿಕೆಯಾಗಿ ಬಿಟ್ಟೆ. ಕಾರಂಜಿಯ ನೀರನ್ನು ಯಾರು ಪರೀಕ್ಷಿಸುತ್ತಾರೆ? ಒಂಬತ್ತು ಪಾಯಿಂಟ್ ಎಂಟು ಎಂದು ಬರೆದುಕೊಂಡುಬಿಡಿ.

ನನ್ನ ಬೇಡಿಕೆ ಇಷ್ಟು. ವಿಭಾಗಗಳನ್ನು ಮುಚ್ಚುವ ಆದೇಶ ಹಿಂದೆಗೆದುಕೊಳ್ಳಿ, ಆರು ವರ್ಷದ ಹಿಂದೆ ನಿಲ್ಲಿಸಿದ ಅನುದಾನ ಮರಳಿ ಕೊಡಿ. ಆಗದಿದ್ದರೆ ನೀವೇ ಬನ್ನಿ. ಬರುವ ಇಪ್ಪತ್ತನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಈ ಕಾಲೇಜಿನ ಕಟ್ಟಕಡೆಯ ಪ್ರಾಕ್ಟಿಕಲ್ ಪರೀಕ್ಷೆ. ಪತ್ರಕರ್ತರನ್ನೂ ಕರೆದಿದ್ದೇನೆ. ಏಳನೇ ಮೇಜು ಒರೆಸಿಡುತ್ತೇನೆ. ಯಾರ ಸಹಾಯವೂ ಇಲ್ಲದೆ ಮೇಲೆ ಬಂದವರು ನೀವು. ಒಂದು ಪುಡಿಯ ಹೆಸರು ಹೇಳಿ ಹೋಗಿ, ಸಾಕು. ನೀವು ಬರದಿದ್ದರೆ ಇಪ್ಪತ್ತೊಂದರ ಪತ್ರಿಕೆಯಲ್ಲಿ ನಿಮ್ಮ ಅಡ್ಡಹೆಸರು ಇರುತ್ತದೆ.

ಬರುವುದಾದರೆ ಎರಡು ಸೂಚನೆ. ಬಾಟಲಿಗಳ ಚೀಟಿಗಳೆಲ್ಲ ಗೋಡೆಯ ಕಡೆ ತಿರುಗಿರುತ್ತವೆ, ಈ ಸಲ ಒಂದನ್ನೂ ತಿರುಗಿಸುವುದಿಲ್ಲ. ಪೊಟ್ಟಣವನ್ನು ಜೋಪಾನವಾಗಿ ಹಿಡಿದುಕೊಳ್ಳಿ. ಹಳೆಯ ದಾಸ್ತಾನಿನಲ್ಲಿ ಉಳಿದದ್ದನ್ನೆಲ್ಲ ಈ ಕೊನೆಯ ಪರೀಕ್ಷೆಗೆಂದು ಬೀರಿನಲ್ಲಿ ಎತ್ತಿಟ್ಟು, ನಿನ್ನೆ ಎಣಿಸಿ ನೋಡಿದೆ: ಮೂವತ್ತೊಂದು ಮಕ್ಕಳಿಗೆ ಮೂವತ್ತೊಂದು, ನಿಮಗೊಂದು. ಎರಡನೆಯದು ಇಲ್ಲ.

ಇಂತಿ,
ಒಮ್ಮೆ ಒಂದು ಬಾಟಲಿಯನ್ನು ತಪ್ಪು ಕಡೆಗೆ ತಿರುಗಿಸಿ, ಇಡೀ ರಾಜ್ಯದ ಕ್ಷಮೆ ಕೇಳಬೇಕಾಗಿ ಬಂದಿರುವ
ಆಸಿಡ್ ಅಕ್ಕ