ಇಪ್ಪತ್ತಕ್ಕೆ ಹದಿನೆಂಟು

ಮಾರ್ಚ್ 3, ಸೋಮವಾರ. ಸಂಜೆ 6.20

ಇವತ್ತು ಮೂರು ಸೆಷನ್. ತರಬೇತಿಯದು ಒಟ್ಟು ಎಪ್ಪತ್ತೊಂದು ಗಂಟೆ ಆಯಿತು. ನೂರಾದರೆ ನನಗೆ ಕಲಿಸುವ ಥೆರಪಿಸ್ಟ್ ಮೇಡಂ ಸಹಿ. ಏಪ್ರಿಲ್ ಕೊನೆಗೆ ಪರೀಕ್ಷೆ. ಆಮೇಲೆ ಸರ್ಟಿಫಿಕೇಟು — ಸ್ಪೀಚ್ ಥೆರಪಿ ಅಸಿಸ್ಟೆಂಟ್! ಹನ್ನೊಂದು ವರ್ಷ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಬಿಲ್ ಹರಿದವಳು, ಮೂವತ್ತಾರನೇ ವಯಸ್ಸಿನಲ್ಲಿ ಮಂದಿಯ ನಾಲಿಗೆ ತಿದ್ದಲು ಹೊರಟಿದ್ದೇನೆ.

ಹತ್ತಕ್ಕೆ ಪಾರ್ಶ್ವವಾಯು ಹೊಡೆದ ಮೇಷ್ಟ್ರು. ಬಾಚಣಿಗೆ ತೋರಿಸಿದರೆ 'ಚಮಚ' ಅಂದರು. ತಪ್ಪು ಎಂದು ಅವರಿಗೇ ಹೊಳೆದು ನಕ್ಕರು. ನಾನೂ ನಕ್ಕೆ.

ಹನ್ನೊಂದಕ್ಕೆ ಗುಬ್ಬಿ. ಐದೂವರೆ ವರ್ಷ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಕುವುದಿಲ್ಲ. 'ಸ' ಬರುವ ಕಡೆ 'ತ' ಅನ್ನುತ್ತಾಳೆ. ಹಸು ಹತು, ಬಸ್ಸು ಬತ್ತು. ಐದು ವಾರದ ಹಿಂದೆ ಮೇಡಂ ಪರೀಕ್ಷೆ ಮಾಡಿದಾಗ ಇಪ್ಪತ್ತು ಚಿತ್ರದ ಕಾರ್ಡಿಗೆ ನಾಲ್ಕು ಸರಿ. ಇವತ್ತು ನನ್ನ ಎಣಿಕೆಯಲ್ಲಿ ಹದಿನೆಂಟು! ಮೇಡಂ ಬಾಗಿಲಲ್ಲೇ ನಿಂತು ಹಾಳೆ ನೋಡಿ, "ಭೇಷ್. ಮುಂದಿನ ವಾರದಿಂದ ವಾಕ್ಯಕ್ಕೆ ಹೋಗೋಣ" ಅಂದರು.

ಹೋಗುವಾಗ ಗುಬ್ಬಿಯ ಅಪ್ಪ ತಡೆದರು. ಬಸ್ ಡ್ರೈವರ್, ಯೂನಿಫಾರ್ಮಿನಲ್ಲೇ ಬರುತ್ತಾರೆ.

"ಮನೇಲಿ ಇನ್ನೂ ಬತ್ತು ಅಂತಾನೇ ಅಂತಾಳಲ್ಲ ಮೇಡಂ?"

"ಇಲ್ಲಿ ಸರಿಯಾಗೇ ಹೇಳ್ತಾಳೆ. ಮನೇಲಿ ಬೇಕಂತ ಮುದ್ದುಮುದ್ದಾಗಿ ಮಾತಾಡ್ತಿರಬಹುದು ಬಿಡಿ."

ಅನ್ನಬಾರದಿತ್ತು. ಅಸಿಸ್ಟೆಂಟ್ ಎಣಿಸಬೇಕು, ಬರೆಯಬೇಕು. ಅಭಿಪ್ರಾಯ ಹೇಳುವುದು ಥೆರಪಿಸ್ಟ್ ಕೆಲಸ. ಮೊದಲ ದಿನದ ಮೊದಲ ಪಾಠವೇ ಅದು. ಹದಿನೆಂಟರ ಖುಷಿಯಲ್ಲಿ ಬಾಯಿ ಜಾರಿತು.

ಮಾರ್ಚ್ 6, ಗುರುವಾರ. ಸಂಜೆ 5.45

 

ಇವತ್ತು ಶ್ರವಣ ಪರೀಕ್ಷೆಯ ಪ್ರಾಕ್ಟಿಕಲ್. ಒಬ್ಬರ ಕಿವಿ ಇನ್ನೊಬ್ಬರು ಪರೀಕ್ಷಿಸುವುದು. ನನ್ನ ಜೋಡಿ ಜಡೆ — ನಮ್ಮ ಬ್ಯಾಚಿನ ಹುಡುಗಿ, ಸೊಂಟ ದಾಟುವ ಜಡೆ, ಎಲ್ಲದಕ್ಕೂ ಕಿಲಕಿಲ. ಹೆಡ್‌ಫೋನ್ ಹಾಕಿದಳು. 'ಪೀಂ' ಕೇಳಿದಾಗ ಕೈ ಎತ್ತಬೇಕು. ಬಲಗಿವಿ ಮುಗಿಯಿತು, ಎಲ್ಲ ಸರಿ.

"ಈಗ ಎಡ" ಅಂದಳು. ಕಾದೆ. ಕಾದೆ.

"ಶುರು ಮಾಡೇ, ಎಷ್ಟು ಹೊತ್ತು?"

"ಅಕ್ಕಾ... ಆಗ್ಲೇ ಆರು ಸಲ ಒತ್ತಿದೆ."

ಮೆಷಿನ್ ಕೆಟ್ಟಿದೆ ಅಂದೆ. ಹೆಡ್‌ಫೋನ್ ತಿರುಗಿಸಿ ಹಾಕಿದೆವು. ಬೇರೆ ಮೆಷಿನ್ ತಂದೆವು. ಎಡಕ್ಕೆ ಏನೂ ಇಲ್ಲ. ಕೊನೆಗೆ ತುಂಬ ಜೋರು ಮಾಡಿದಳು. ಆಗ ಸದ್ದು ಬಂತು — ಬಲಗಿವಿಯಲ್ಲಿ. ತಲೆಬುರುಡೆ ದಾಟಿ ಆ ಕಡೆಗೆ ಹೋಗಿ ಕೇಳಿಸಿತು. ಪುಸ್ತಕದಲ್ಲಿ ಓದಿದ್ದೇ. 

ಎಡಗಡೆಯದ್ದು ಕೆಟ್ಟಿದೆ ಎಂದು ಎಷ್ಟು ಇಯರ್‌ಫೋನ್ ಬಿಸಾಡಿದ್ದೇನೆ. ಅಂಗಡಿಯವನ ಜೊತೆ ಜಗಳ ಬೇರೆ. ಎಲ್ಲರ ಕಿವಿಯೂ ಹೀಗೇ ಅಂದುಕೊಂಡಿದ್ದೆ... ಒಂದು ಕೇಳುವುದಕ್ಕೆ, ಒಂದು ಜೊತೆಗೆ.

ಜಡೆ ನಗಲಿಲ್ಲ. "ಪಾಸ್ ಅಂತ ಬರೀಲಾ ಅಕ್ಕಾ? ಪ್ರಾಕ್ಟೀಸ್ ಶೀಟ್ ತಾನೆ?"

ತಲೆ ಆಡಿಸಿದೆ. ಎರಡು ಕಡೆಯೂ ರೈಟ್ ಮಾರ್ಕ್. ಮೇಡಂ ನೋಡದೆ ಸಹಿ ಹಾಕಿದರು.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 2

ಬೇರೆ ಕ್ಲಿನಿಕ್ಕಿಗೆ ಹೋದೆ, ಗುರುತಿಲ್ಲದ ಕಡೆ. ಕಿವಿ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಮುಕ್ಕಾಲು ಗಂಟೆ ನೋಡಿದರು. ಗ್ರಾಫಿನಲ್ಲಿ ಬಲಗಿವಿಯ ಗೆರೆ ಮೇಲೆ, ನೆಟ್ಟಗೆ. ಎಡದ್ದು ಹಾಳೆಯ ತಳದಲ್ಲಿ, ಬಾಣದ ಗುರುತು ಇನ್ನೂ ಕೆಳಕ್ಕೆ.

"ನಿಮಗೆ ಗೊತ್ತೇ ಇರ್ಲಿಲ್ವಾ? ಇದು ನಿನ್ನೆ ಮೊನ್ನೇದಲ್ಲಮ್ಮ. ತೀರಾ ಚಿಕ್ಕೋರಿದ್ದಾಗ ಹೋಗಿರೋದು. ಮಂಗನಬಾವು ಆಗಿತ್ತಾ? ತಾಯಿ ಇದ್ದಾರಾ? ಕೇಳಿ ನೋಡಿ."

ಔಷಧ ಇಲ್ಲ. ಹೊರಗೆ ಬಂದು ರಸ್ತೆ ದಾಟಲು ನಿಂತೆ. ಎಡಗಡೆಯಿಂದ ಬರುವ ಗಾಡಿಗೆ ಸದ್ದೇ ಇಲ್ಲ. ಮೂವತ್ತಾರು ವರ್ಷ ಹೇಗೆ ದಾಟಿದೆ?

ಮಾರ್ಚ್ 8, ಶನಿವಾರ. ಬೆಳಿಗ್ಗೆ 11

ಅಮ್ಮ ನಮ್ಮ ಜೊತೆಗೇ ಇರುವುದು. ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಳು.

"ಅಮ್ಮಾ, ನನ್ನ ಎಡಗಿವಿ ಕೇಳಿಸಲ್ವಂತೆ."

ಟವೆಲು ಮಡಿಸುವುದು ನಿಲ್ಲಲಿಲ್ಲ. ಮೂಲೆಗೆ ಮೂಲೆ ಕೂಡಿಸಿದಳು. ಆಮೇಲೆ ಕೇಳಿದಳು —

"ಯಾರು ಹೇಳಿದ್ರು?"

ಅಯ್ಯೋ ಅನ್ನಲಿಲ್ಲ. ಯಾವಾಗಿನಿಂದ ಅನ್ನಲಿಲ್ಲ. ಯಾರು ಹೇಳಿದರು!

ನಾಲ್ಕು ವರ್ಷದವಳಿದ್ದಾಗ ಮಂಗನಬಾವು, ಒಂಬತ್ತು ದಿನ ಜ್ವರ. ಆಗಲೇ ಡಾಕ್ಟರು ಹೇಳಿದ್ದರಂತೆ. ಅಮ್ಮ ಅಪ್ಪನಿಗೂ ತಿಳಿಸಲಿಲ್ಲ. ಪ್ರತಿ ವರ್ಷ ಶಾಲೆ ಶುರುವಾದಾಗ ಹೋಗಿ, ಬೋರ್ಡು ಸರಿಯಾಗಿ ಕಾಣಲ್ಲ ಎಂದು ಟೀಚರಿಗೆ ಸುಳ್ಳು ಹೇಳಿ, ಎಡಗಡೆ ಗೋಡೆಯ ಪಕ್ಕ ನನ್ನ ಜಾಗ ಹಿಡಿಸುತ್ತಿದ್ದಳು. ಬಲಗಿವಿ ತರಗತಿಯ ಕಡೆಗೆ ಬರಲಿ ಅಂತ.

"ಮತ್ತೆ 'ಗಮನ ಕೊಡಲ್ಲ, ಗಮನ ಕೊಡಲ್ಲ' ಅಂತ ನನ್ನ ಬಯ್ತಿದ್ದೆಯಲ್ಲ? ಕಿವಿ ಹಿಂಡ್ತಿದ್ದೆಯಲ್ಲ?"

"ಬಯ್ಯದಿದ್ರೆ ಮಂದಿಗೆ ಗೊತ್ತಾಗ್ತಿತ್ತು."

ಆಮೇಲೆ ಅವಳಾಗಿಯೇ ಹೇಳಿದಳು, ಟವೆಲಿಗೆ ಹೇಳಿದ ಹಾಗೆ. "ನಿನ್ನ ದೊಡ್ಡಮ್ಮನ್ನ ಸಾಯೋವರೆಗೂ ಕೆಪ್ಪಿ ಅಂತಾನೇ ಕರೆದ್ರು. ಅವಳಿಗೂ ಒಂದು ಹೆಸರಿತ್ತು. ಸತ್ತ ದಿನ ಆಸ್ಪತ್ರೇಲಿ ಫಾರಂ ತುಂಬೋವಾಗ ಹೆಸರೇನು ಅಂತ ಕೇಳಿದ್ರು. ನಮ್ಮಣ್ಣ ನನ್ನ ಮುಖ ನೋಡಿದ. ಒಡಹುಟ್ಟಿದವನು!"

 ಕೋಪ ಮಾಡಿಕೊಳ್ಳಲು ಹೊರಟರೆ ಕಣ್ಣೀರು ಬರುತ್ತದೆ, ಅಳಲು ಕೂತರೆ ಕೋಪ. ಮೂವತ್ತೆರಡು ವರ್ಷ ಮಗಳ ಕಿವಿಗೆ ಹೂ ಇಟ್ಟಳು. ಅದೂ ಕೇಳದ ಕಿವಿಗೆ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 9

ತಿಂಡಿ ತಿನ್ನುವಾಗ ಇವರಿಗೆ ಹೇಳಿದೆ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಏನು ಕೆಟ್ಟಿದೆ ಎಂದರೂ ಮೊದಲು ನಗುತ್ತಾರೆ, ಆಮೇಲೆ ಸ್ಕ್ರೂ ಡ್ರೈವರ್. ಇವತ್ತು ನಗಲಿಲ್ಲ.

"ಯಾವ ಕಡೇದು?"

"ಎಡ."

ಎದ್ದು ಕಿಟಕಿ ಹತ್ತಿರ ಹೋದರು. ಬೆನ್ನು ಈ ಕಡೆಗೆ.

"ನಮ್ಮಪ್ಪ ತೀರಿಹೋದ ದಿನ, ಆಸ್ಪತ್ರೆ ಬೆಂಚಲ್ಲಿ ನಿನ್ನ ಎಡಕ್ಕೆ ಕೂತಿದ್ದೆ. ಭಯ ಆಗ್ತಿದೆ, ನನ್ನ ಕೈ ಹಿಡ್ಕೋ ಅಂದೆ. ನೀನು ಗೋಡೆ ನೋಡ್ತಾ ಕೂತಿದ್ದೆ."

ಒಂಬತ್ತು ವರ್ಷ ಆಯಿತು ಅದಕ್ಕೆ. ಒಂಬತ್ತು ವರ್ಷ ಈ ಮನುಷ್ಯ ನನ್ನನ್ನು ಕಲ್ಲು ಎಂದುಕೊಂಡು ಬದುಕಿದರು.

"ಇನ್ನೊಂದು ಸಲ ಕೇಳಬಾರದಿತ್ತಾ?"

"ಅಂಥ ಮಾತು ಎರಡನೇ ಸಲ ಬರಲ್ಲ ಕಣೇ."

ಮಧ್ಯಾಹ್ನ 3.40

ಪಾತ್ರೆ ತೊಳೆಯುತ್ತಿದ್ದವಳಿಗೆ ಹೊಳೆಯಿತು. ಸೋಪು ಕೈಯಲ್ಲೇ ನಿಂತೆ.

ಗುಬ್ಬಿ ಯಾವ ಕಡೆ ಕೂರುತ್ತಾಳೆ?

ಎಡ. ಟೇಬಲ್ಲು ಗೋಡೆಗೆ ತಾಗಿದೆ. ಅವಳ ಕುರ್ಚಿ ನನ್ನ ಎಡಕ್ಕೆ. ಬಲಕ್ಕೆ ಗಡಗಡ ಅನ್ನುವ ಫ್ಯಾನು.

ಹೋಂವರ್ಕಿಗೆಂದು ಕ್ಲಿನಿಕ್ಕಿನ ರೆಕಾರ್ಡರ್ ಕೇಳಿ ತಂದಿದ್ದೆ. ಸೋಮವಾರದ ಸೆಷನ್ ಹಾಕಿ ಬಲಗಿವಿಗೆ ಒತ್ತಿಕೊಂಡೆ. ತೂಜಿ. ಹತು. ಬತ್ತು. ಪ್ರತಿಯೊಂದರ ಹಿಂದೆಯೇ ನನ್ನ ದನಿ — "ಸರಿ! ಜಾಣೆ!"

ಇಪ್ಪತ್ತಕ್ಕೆ ಹದಿನೆಂಟು ಅಲ್ಲ, ಮೂರು. ಮೊದಲು ನಾಲ್ಕಿತ್ತು. ಐದು ವಾರ ನಾನು ಕೇಳಿದ್ದು ಅವಳ ಸದ್ದನ್ನಲ್ಲ. ಬರಲಿ ಎಂದು ಕಾದಿದ್ದ ಸದ್ದನ್ನು ನನ್ನ ತಲೆಯೇ ತುಂಬಿಕೊಂಡಿತು.

ತಪ್ಪು ಹೇಳಿದ್ದಕ್ಕೆಲ್ಲ ಶಭಾಷ್ ಅಂದಿದ್ದೇನೆ. ತಪ್ಪನ್ನೇ ಗಟ್ಟಿ ಮಾಡಿಸಿದ್ದೇನೆ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 7.05

ಅಮ್ಮ ಕಾಫಿ ಲೋಟ ಇಟ್ಟು ಪಕ್ಕದಲ್ಲಿ ಕೂತಳು. "ಸುಮ್ಮನಿದ್ದುಬಿಡು. ಕುರ್ಚಿ ಆ ಕಡೆಯಿಂದ ಈ ಕಡೆಗೆ ಹಾಕ್ಕೋ, ಮುಗೀತು. ಇಷ್ಟು ವರ್ಷ ನಡೀಲಿಲ್ವಾ?"

ನಡೆಯುತ್ತದೆ. ಅದೇ ಭಯ. ನಡೆದೇ ನಡೆಯುತ್ತದೆ.

ಸಂಜೆ 7

ಹೇಳಿದೆ. ಕಿವಿಯ ವಿಷಯ, ಗುಬ್ಬಿಯ ಎಣಿಕೆ, ಗುರುವಾರದ ಸುಳ್ಳು ಹಾಳೆ, ಅವಳ ಅಪ್ಪನಿಗೆ ಅಂದ ಮಾತು, ಎಲ್ಲ. ಹೇಳುವಾಗ ಮೇಡಂ ಟೇಬಲ್ಲಿನ ಮೇಲಿನ ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ಮುಚ್ಚಿದರು.

"ಒಂದು ಕಿವಿ ಇಲ್ಲದೆ ಈ ಕೆಲಸ ಮಾಡಬಹುದು. ಎಲ್ಲಿ ಕೂರಬೇಕು, ಏನನ್ನ ಎರಡು ಸಲ ಕೇಳಬೇಕು ಅಂತ ಗೊತ್ತಿದ್ರೆ ಸಾಕು. ಸುಳ್ಳು ಹಾಳೆ ಇಟ್ಕೊಂಡು ಮಾಡೋಕಾಗಲ್ಲ."

ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ವಾರಕ್ಕೊಂದು ಸಲ ನಾನು ಒಳಗೆ ಬಂದು ಕೂತು ಎಣಿಸಬೇಕಿತ್ತು. ಬಾಗಿಲಲ್ಲಿ ನಿಂತು ಹೋದೆ. ನನ್ನ ಪಾಲೂ ಇದೆ ಇದರಲ್ಲಿ. ಅದನ್ನೂ ಬರೀತೀನಿ" ಅಂದರು.

ಆ ಕುರ್ಚಿಯಲ್ಲಿ ಕೂತ ಮಕ್ಕಳ ಗಂಟೆಗಳೆಲ್ಲ ರದ್ದು. ನಲವತ್ತೊಂದು ಗಂಟೆ! ಸರ್ಟಿಫಿಕೇಟು ಕೊಡುವ ಮಂಡಳಿಗೆ ನಾನೇ ಪತ್ರ ಬರೆಯಬೇಕು. ಜಡೆಯ ಪ್ರಾಕ್ಟಿಕಲ್ಲೂ ರದ್ದು. ಕಾರಿಡಾರಿನಲ್ಲಿ ಎದುರಾದಳು. "ನಿಮಗೋಸ್ಕರ ಮಾಡಿದ್ದಕ್ಕೆ ಒಳ್ಳೇ ಬಹುಮಾನ ಅಕ್ಕಾ" ಅಂದು ಹೋದಳು. ಬಲಗಡೆಯಿಂದಲೇ ಅಂದಳು. ಚೆನ್ನಾಗಿ ಕೇಳಿಸಿತು.

ಮಾರ್ಚ್ 12, ಬುಧವಾರ. ಮಧ್ಯಾಹ್ನ 12.50

ಇವತ್ತಿನದು ಬರೆಯಲಾಗುತ್ತದೋ ಇಲ್ಲವೋ.

ಮೇಡಂ ಗುಬ್ಬಿಯ ಅಪ್ಪನನ್ನು ಕರೆಸಿ ಎಲ್ಲ ವಿವರಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಬಯ್ಯುತ್ತಾರೆ, ದೂರು ಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಹಾಗಾದ್ರೆ... ಅವಳು ಬೇಕಂತ ಮಾಡ್ತಿರ್ಲಿಲ್ವಾ?"

"ಇಲ್ಲ" ಅಂದರು ಮೇಡಂ.

"ಹೊಡೆದುಬಿಟ್ಟೆ ಮೇಡಂ." ನನ್ನನ್ನು ನೋಡಿದರು. "ಇವರು ಹೇಳಿದ್ರಲ್ಲ, ಮನೇಲಿ ಬೇಕಂತ ಮಾಡ್ತಾಳೆ ಅಂತ. ಬಸ್ಸು ಅನ್ನು, ಸರಿಯಾಗಿ ಅನ್ನು ಅಂದೆ. ಅನ್ನಲಿಲ್ಲ. ಹಟ ಅಂದ್ಕೊಂಡೆ. ಎರಡೇಟು ಹಾಕಿದೆ. ಮಾರನೇ ದಿನಾನೂ. ಐದು ದಿನ ಆಯ್ತು, ಮನೇಲಿ ಬಾಯೇ ಬಿಡ್ತಿಲ್ಲ. ನೀರು ಬೇಕಂದ್ರೂ ಕೈ ತೋರಿಸ್ತಾಳೆ."

ನನ್ನ ಒಂದು ಮಾತು. ಬಾಗಿಲ ಹತ್ತಿರ, ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಆಡಿದ್ದು.

ತಪ್ಪಾಯಿತು ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಟೋಪಿ ಹಾಕಿಕೊಳ್ಳದೆ ಹೋದರು.

ಮಾರ್ಚ್ 27, ಗುರುವಾರ. ಸಂಜೆ 6

ಹದಿನೈದು ದಿನ ಪೆನ್ನು ಮುಟ್ಟಲಿಲ್ಲ.

ಮಂಡಳಿಯ ಉತ್ತರ ಬಂತು. ಈ ಸಲ ಪರೀಕ್ಷೆ ಇಲ್ಲ, ಅಕ್ಟೋಬರಿಗೆ ಕೂರಬಹುದು. ಗಂಟೆಗಳನ್ನು ಮತ್ತೆ ಮಾಡಬೇಕು. ಅಮ್ಮ ಪತ್ರ ಓದಿಸಿಕೊಂಡಳು. 'ನಾನು ಹೇಳಿರಲಿಲ್ವಾ' ಎಂದು ಅಂದೇ ಅನ್ನುತ್ತಾಳೆ ಅಂದುಕೊಂಡೆ. "ಕಿವಿ ಅಂತ ಅದರಲ್ಲಿ ಬರೆದಿದ್ದಾರಾ?" ಕೇಳಿದಳು. ಹೌದು ಅಂದೆ. "ನಿನ್ನ ಹೆಸರು?" ಅದೂ ಇದೆ, ಮೊದಲೇ ಇದೆ ಅಂದೆ. ಹೂಂ ಅಂದಳು.

ಮೇಷ್ಟ್ರು ಇವತ್ತು ಬಾಚಣಿಗೆಗೆ ಬಾಚಣಿಗೆ ಅಂದರು.

ಗುಬ್ಬಿಯನ್ನು ಬೇರೆ ಅಸಿಸ್ಟೆಂಟ್ ಹತ್ತಿರ ಕೂರಿಸಿದ್ದರು. ನಾಲ್ಕು ಸೆಷನ್ನಿನಲ್ಲೂ ತುಟಿ ಬಿಚ್ಚಲಿಲ್ಲವಂತೆ. ಬುಧವಾರ ನನ್ನ ಹತ್ತಿರ ಕೂರಿಸಿ ನೋಡುತ್ತಾರೆ. ಮೇಡಂ ಒಳಗೇ ಇರುತ್ತಾರೆ.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ 1.30

ಬಂದಳು. ಸ್ವಲ್ಪ ಇಳಿದಿದ್ದಾಳೆ. ಎದುರಿಗೆ ಕೂರಿಸಿಕೊಂಡೆ, ಫ್ಯಾನು ಆರಿಸಿದೆ. ಮೂಲೆಯಲ್ಲಿ ಮೇಡಂ, ಅವರ ಕೈಯಲ್ಲೂ ಹಾಳೆ.

ಮೊದಲ ಕಾರ್ಡು ಎತ್ತಿದೆ. ಹತ್ತಿರಕ್ಕೆ ಎಳೆದುಕೊಂಡು ನೋಡಿದಳು.

"ತೂಜಿ."

ಅಷ್ಟು ಸ್ಪಷ್ಟ. ಇದು ಹೇಗೆ ಕೇಳಿಸದೆ ಹೋಯಿತು? ಪೆನ್ನೆತ್ತಿ ಇಂಟು ಹಾಕಿದೆ. ಬಗ್ಗಿ ಹಾಳೆ ನೋಡಿದಳು. ರೈಟು, ಇಂಟು ಅವಳಿಗೆ ಗೊತ್ತು.

"ಅವತ್ತು ಇದಕ್ಕೇ ರೈಟ್ ಹಾಕಿದ್ರಿ. ತರಿ ಅಂದ್ರಿ."

ನಾನು ಮೇಡಂ ಕಡೆ ನೋಡಲಿಲ್ಲ.

"ಹೌದು. ಅಂದೆ. ನೀನು ಹೇಳಿದ್ದು ನಂಗೆ ಸರಿಯಾಗಿ ಕೇಳಿರ್ಲಿಲ್ಲ. ಈ ಕಿವಿ ಕೇಳಲ್ಲ, ನಂಗೂ ಗೊತ್ತಿರ್ಲಿಲ್ಲ. ನೀನು ಬೇಕಂತ ಮಾಡ್ಲಿಲ್ಲ. ತಪ್ಪು ನಂದು."

ಕಿವಿ ನೋಡಿದಳು. ನನ್ನ ಮುಖ ನೋಡಿದಳು. ಕುರ್ಚಿಯಿಂದ ಇಳಿದಳು.

"ಹಾಗಾದ್ರೆ ಅಪ್ಪಂಗೆ ಹೇಳಿ."

"ಅಪ್ಪಂಗೆ ಗೊತ್ತು ಪುಟ್ಟಾ."

"ಅಪ್ಪ ನಂಗೆ ತಾರಿ ಹೇಳೇ ಇಲ್ಲ."

ಕೈ ಹಿಡಿದು ಎಳೆದಳು. ಮೇಡಂ ತಡೆಯಲಿಲ್ಲ. ಅವಳ ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು, ಟೋಪಿ ಕೈಯಲ್ಲಿ. ಗುಬ್ಬಿ ಅವರ ಎದುರು ನಿಂತು ನನ್ನ ಕೈ ಅಲುಗಿಸಿದಳು. ಹೇಳಿದೆ, ಒಳಗೆ ಹೇಳಿದ್ದನ್ನೇ ಮತ್ತೊಮ್ಮೆ, ಒಂದಕ್ಷರ ಬಿಡದೆ. ನಾನು ಮುಗಿಸಿದ ಮೇಲೆ ಅವಳು ನನ್ನನ್ನು ಬಿಟ್ಟು ಅಪ್ಪನ ಬಾಯಿಯನ್ನೇ ನೋಡುತ್ತ ನಿಂತಳು.

ಅವರು ಟೋಪಿ ಕೆಳಗಿಟ್ಟರು. ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ತೆರೆದರು. ಗುಬ್ಬಿ ಕಾದಳು. ನಾವು ಮಕ್ಕಳಿಗೆ ಕಾಯುತ್ತೇವಲ್ಲ, ಮೊದಲ ಅಕ್ಷರ ನಾಲಿಗೆಯ ತುದಿಗೆ ಬರುವವರೆಗೆ, ಆತುರ ಮಾಡದೆ, ಹಾಗೆ. ಆಮೇಲೆ ಅವರು, ತುಂಬ ಮೆಲ್ಲಗೆ, "ಸಾರಿ" ಅಂದರು.