ಗೇಣೆತ್ತರದ ದಿಬ್ಬ

ದುಬೈ
ಶುಕ್ರವಾರ, 21 ನವೆಂಬರ್ 2014

ಪ್ರೀತಿಯ ಸೇಸಪ್ಪಣ್ಣನಿಗೆ,

ಯುಜಿನ್‌ನ ನಮಸ್ಕಾರಗಳು. ನೀವು ಊರಿಗೆ ಹೋಗಿ ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಲಸ ಜಾಸ್ತಿಯಿತ್ತು ಎಂದರೆ ನೀವು ನಂಬುವವರಲ್ಲ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಈ ಪತ್ರ.

ನಮ್ಮ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡಗಳ ಪಂದ್ಯ ಕೊನೆಗೂ ನಡೆಯಿತು. ನೀವು ಮುದ್ದಿನಿಂದ ಸಾಕಿದ ಹುಲ್ಲನ್ನು ಒಂದು ಮೂಲೆಯಲ್ಲಿ ಕಿತ್ತು ಕೆಂಪು ಮಣ್ಣು ಹಾಸಿದೆವು. ಎಡಗಡೆಯ ಗ್ಯಾಲರಿ ತೀರಾ ಹತ್ತಿರವೆಂದು ಮೂರಾಳೆತ್ತರದ ಬಲೆ ಕಟ್ಟಿದೆವು. ಚೆಂಡು ಗ್ಯಾಲರಿಗೆ ಬಿದ್ದರೆ ಸಿಕ್ಕಿದವನು ಮನೆಗೇ ಕೊಂಡುಹೋಗಬಹುದಂತೆ. ನೀವಿದ್ದಿದ್ದರೆ "ಇದೆಂಥ ಆಟ ಮಾರಾಯ್ರೆ" ಎಂದು ನಗುತ್ತಿದ್ದಿರಿ.

ಚೆಂಡೆಸೆಯುವವನು ನಿಲ್ಲುವ ಆ ದಿಬ್ಬವನ್ನು ಮತ್ತೆ ಕಟ್ಟಲು ಆರು ದಿನ ಹಿಡಿಯಿತು. ಎತ್ತರ ಬರೇ ಒಂದು ಗೇಣು. ಮೈದಾನದಲ್ಲಿ ಉಬ್ಬು ಕಂಡರೆ ಸಮ ಮಾಡುವುದೇ ಹದಿನಾಲ್ಕು ವರ್ಷ ನಾವು ಮಾಡಿದ ಕೆಲಸ. ಮೊದಲು ಕಟ್ಟಿದ್ದ ಆ ಹಸಿಮಣ್ಣಿನ ಗುಡ್ಡೆಯ ಮೇಲೆ ರೋಲರ್ ಓಡಿಸಿದಿರಿ ಎಂದು ನಿಮ್ಮ ವೀಸಾ ರದ್ದು ಮಾಡಿ ಕಳಿಸಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇನ್ನೆರಡು ವರ್ಷ ಇದ್ದಿದ್ದರೆ ಮಗಳು ಭವ್ಯಶ್ರೀಯ ನರ್ಸಿಂಗ್ ಮುಗಿಯುತ್ತಿತ್ತು. ನಿಮ್ಮನ್ನು ಮರಳಿ ಕರೆಸಿ ಎಂದು ನಿನ್ನೆ ಮ್ಯಾನೇಜರ್ ರವೂಫ್ ಸಾಹೇಬರನ್ನು ಕೇಳಿದೆ. ನಿಮ್ಮ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದರು.

ನನ್ನ ಹೆಂಡತಿ ತೆರೆಸಾ ನಿಮ್ಮೆಲ್ಲರನ್ನೂ ಕೇಳಿದ್ದಾಳೆ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ, ಭವ್ಯಶ್ರೀಯ ಓದು ನಿಲ್ಲದಿರಲಿ.

ನಿಮ್ಮ
ಯುಜಿನ್

ತಾ.ಕ.: ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಅಮೆರಿಕದವರು ಕೊಟ್ಟ ಮೈದಾನದ ನಕ್ಷೆ ನನ್ನ ಕೈಯಲ್ಲಿತ್ತು, ಬಿಡಿಸಿ ನೋಡಿರಲಿಲ್ಲ. ಆ ಗುಡ್ಡೆ ಸಮ ಮಾಡಿ ಎಂದು ನಿಮಗೆ ಹೇಳಿದವನು ನಾನು. ಇದು ಯಾರ ಕೆಲಸ ಎಂದು ಅಮೆರಿಕದವರು ಕೇಳಿದಾಗ ನೀವು ನನ್ನ ಮುಖ ನೋಡಿದಿರಿ. ನಾನು ಬಾಯಿ ಬಿಡಲಿಲ್ಲ. "ನಂದೇ ತಪ್ಪು ಸರ್" ಎಂದು ನೀವೇ ಹೇಳಿದಿರಿ. ನಿನ್ನೆ ರವೂಫ್ ಸಾಹೇಬರಿಗೆ ಎಲ್ಲ ಹೇಳಿಬಿಟ್ಟೆ. "ಪಂದ್ಯ ಮುಗ್ದು ಖಲಾಸ್. ಈಗ ಹೇಳಿ ಎಂಥ ಪ್ರಯೋಜನ ಯುಜಿನ್?" ಎಂದರು.

ಹೋದ ವಾರ ಅಪ್ಪಿಯಕ್ಕ ಫೋನ್ ಮಾಡಿ, ತನ್ನ ಗಂಡ ಅಂಥ ತಪ್ಪೇನು ಮಾಡಿದ್ದು ಎಂದು ಕೇಳಿದರು. ನೀವು ಮನೆಯಲ್ಲೂ ನನ್ನ ಹೆಸರು ಎತ್ತಿಲ್ಲ. ಆಗಲೂ ನಾನು ಹೇಳಲಿಲ್ಲ. ಪತ್ರವನ್ನು ಅವರಿಗೆ ಓದಿ ಹೇಳಿ ಸೇಸಪ್ಪಣ್ಣ. ಈ ಭಾಗವನ್ನು ಬಿಟ್ಟು ಓದಬೇಡಿ.